ಹಗ್ಗ ಹಿಡಿದವನನ್ನು ಹುಡುಕಿಕೊಂಡು ಲಂಡನ್ನಿಗೆ

ತಿರ್ಲಾಪುರ, ಹೊರಡುವ ಮುಂಚೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಜಗ್ಗಲಿಗೆ ಬಾರಿಸಲು ಬರುವುದಿಲ್ಲ. ಆದರೂ ಜಗ್ಗಲಿಗೆ ಮೇಳದ ಹನ್ನೆರಡನೆಯವನಾಗಿ ನಾನು ವಿಮಾನ ಹತ್ತಿದೆ. ಚಕ್ಕಡಿ ಗಾಲಿಯಷ್ಟು ದೊಡ್ಡದಾದ ಆ ಚರ್ಮವಾದ್ಯವನ್ನು ಲಂಡನ್ನಿನ ಒಂದು ಉತ್ಸವದಲ್ಲಿ ಬಾರಿಸಲು ನಮ್ಮೂರ ಮೇಳಕ್ಕೆ ಕರೆ ಬಂದಿತ್ತು. ಹೊರಡಲು ಎರಡು ತಿಂಗಳಿದ್ದಾಗ ಮೇಳದ ಒಬ್ಬನ ಕಾಲು ಮುರಿಯಿತು. ಮೇಳದ ಹಿರಿಯ ಫಕೀರಪ್ಪ ಕಾಕಾ ನೇರವಾಗಿ ನವಲಗುಂದದ ಟೈಪಿಂಗ್ ಕ್ಲಾಸಿಗೆ ಬಂದು, ಅಲ್ಲಿ ಕೂತು ಟಕಟಕ ಮಾಡುತ್ತಿದ್ದ ನನ್ನ ಬೆನ್ನಿಗೆ ಒಂದು ಗುದ್ದಿದ.

"ಲೇ ಈರ್ಯಾ, ನಮಗ ಬಾರ್ಸಾಕ ಬರತೈತಿ, ಇಂಗ್ಲಿಷ್ ಬರಂಗಿಲ್ಲ. ನಿನಗ ಇಂಗ್ಲಿಷ್ ಬರತೈತಿ, ಬಾರ್ಸಾಕ ಬರಂಗಿಲ್ಲ. ಹಿಂದ ನಿಂತ ಸುಮ್ನ ಕೈ ಆಡಿಸು, ಸಾಕು. ನಡಿ, ಹೋಗೂಣು."

ನನ್ನ ಇಂಗ್ಲಿಷ್ ಬಂದದ್ದು ಮಷೀನ್ ಗನ್ನಿನಿಂದ. ನಗಬೇಡಿ. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಹಳೆಯ ವಿಲಾಯತಿ ಪತ್ರಿಕೆಗಳಲ್ಲಿ ಒಮ್ಮೆ ಮೂರು ಕಾಲಿನ ಮೇಲೆ ಕೂತ ಒಂದು ಬಂದೂಕಿನ ಚಿತ್ರ ನೋಡಿದ್ದೆ. ಅದರ ದಪ್ಪ ಕೊಳವೆಯಲ್ಲಿ ನೀರು ತುಂಬಿಸುತ್ತಾರೆ, ಗುಂಡು ಹಾರಿಸುತ್ತ ಹಾರಿಸುತ್ತ ಆ ನೀರು ಕುದಿಯುತ್ತದೆ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಅಂದಿನಿಂದ ಕತ್ತರಿಸಿ ಕತ್ತರಿಸಿ ಒಂದು ತಗಡಿನ ಪೆಟ್ಟಿಗೆ ತುಂಬಿಸಿದೆ. ನಿಜವಾದ ಮಷೀನ್ ಗನ್ ಒಂದನ್ನೂ ಕಣ್ಣಿಂದ ಕಂಡವನಲ್ಲ, ಆದರೆ ಒಂದೊಂದು ಸ್ಕ್ರೂ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಲಂಡನ್ನಿನಲ್ಲಿ ಆ ದೇಶದ ಸರಕಾರ ಹಳೆಯ ಫೋಟೋ, ಕಾಗದಗಳನ್ನು ಕಾಯ್ದಿಡುವ ಒಂದು ದೊಡ್ಡ ಕಚೇರಿಗೆ ಎರಡು ವರ್ಷದಿಂದ ಪತ್ರ ಬರೆಯುತ್ತಿದ್ದೆ. ಉತ್ತರವೂ ಬರುತ್ತಿತ್ತು.

ಆ ಪತ್ರಗಳಲ್ಲಿ ನನ್ನ ಹುಚ್ಚಿನ ಜೊತೆಗೆ ನಮ್ಮ ಮನೆಯ ಒಂದು ಪ್ರಶ್ನೆಯೂ ಇರುತ್ತಿತ್ತು. ನಮ್ಮ ಅಜ್ಜನ ಅಣ್ಣ ಮಲ್ಲಪ್ಪ ಎಪ್ಪತ್ತು ವರ್ಷದ ಹಿಂದೆ ಮೊದಲನೆಯ ಮಹಾಯುದ್ಧಕ್ಕೆ ಹೋದವನು. ಸಿಪಾಯಿ ಆಗಿ ಅಲ್ಲ. ಮಷೀನ್ ಗನ್ ಹೊರುವ ಹೇಸರಗತ್ತೆಯ ಹಗ್ಗ ಹಿಡಿಯುವವನಾಗಿ, ಬಸ್ರಾದ ಕಡೆಗೆ. ಎಂಥ ಮೊಂಡು ದನವನ್ನೂ ಕಿವಿಯಲ್ಲಿ ಏನೋ ಹೇಳಿ ನಡೆಸುತ್ತಿದ್ದನಂತೆ. ಜೋಳದ ಸುಗ್ಗಿಗೆ ಬರುತ್ತೇನೆ ಎಂದು ಹೋದವನು ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಅವನ ಹೆಂಡತಿ ನೀಲವ್ವ ಆಯಿಗೆ ಆಗ ಮದುವೆಯಾಗಿ ಎರಡನೆಯ ವರ್ಷ. ನಾನು ಹೊರಡುವಾಗ ಎಂಬತ್ತು ದಾಟಿತ್ತು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ ಹಾಗೆಯೇ ಇದ್ದವು. ಓಣಿಯ ಹೊಸ ಸೊಸೆಯರು ಮಾತ್ರ ಮುತ್ತೈದೆಯರಿಗೆ ಉಡಿ ತುಂಬುವಾಗ ಅವಳನ್ನು ದಾಟಿ ಮುಂದಿನವಳ ಕಡೆ ಹೋಗಲು ಶುರುಮಾಡಿದ್ದರು. ಆಯಿ ಸೆರಗು ಒಡ್ಡಿಕೊಂಡೇ ಕೂತಿರುತ್ತಿದ್ದಳು.

ನಾನು ಹೊರಡುವ ದಿನ ಅವಳು ಹತ್ತಿರ ಕರೆದಳು.

"ಏ ಈರ್ಯಾ, ನೀ ಹೊಂಟಿದ್ದು ಅವರ ಊರಿಗೆ ಹೌದಲ್ಲೋ? ನಿಮ್ಮ ದೊಡ್ಡಜ್ಜನ್ನ ಕರಕೊಂಡ ಹೋದವರ ಊರಿಗೆ?"

"ಹೂಂ ಆಯಿ."

"ಹಂಗಾದ್ರ ಒಂದ ಕೇಳ್ಕೊಂಡ ಬಾ. ನಾ ಹಸರ ಬಳಿ ಹಾಕ್ಕೊಂಡ ಮಣ್ಣಿಗಿ ಹೋಗ್ಲೋ, ಬರಿಗೈಲೆ ಹೋಗ್ಲೋ. ಅಷ್ಟ. ಬ್ಯಾರೆ ಏನೂ ತರಬ್ಯಾಡ."

ಗುರುತಿಗೆಂದು ಒಂದು ಮಾತು ಹೇಳಿದಳು. ನಾವು ಲಿಂಗ ಕಟ್ಟುವ ಜನ. ಇಷ್ಟಲಿಂಗವನ್ನು ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆಯಲ್ಲಿಟ್ಟು ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಉಸಿರಿರುವ ತನಕ ಅದನ್ನು ಮೈಯಿಂದ ದೂರ ಮಾಡುವ ಹಾಗಿಲ್ಲ. ಮಲ್ಲಪ್ಪನ ಕರಡಿಗೆಯ ಮುಚ್ಚಳ ಬೆಣ್ಣಿಹಳ್ಳದ ನೆರೆಯಲ್ಲಿ ಈಜುವಾಗ ಕಳೆದುಹೋಗಿತ್ತು. ಬೆಳ್ಳಿಯದು ಆಮೇಲೆ ಮಾಡಿಸೋಣ ಎಂದು ಸದ್ಯಕ್ಕೆ ತಾಮ್ರದ್ದು ಹಾಕಿಸಿಕೊಂಡಿದ್ದ. ಹಾಗೆಯೇ ಹೋದ.

"ಬುಡ ಬೆಳ್ಳಿ, ಮುಚ್ಚಳ ತಾಮ್ರ," ಎಂದಳು ಆಯಿ. "ನೆಪ್ಪಿಟ್ಟಕೋ."

ಲಂಡನ್, ಹುಲ್ಲಿನ ಮೈದಾನ

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ, ಜಗ್ಗಲಿಗೆಯನ್ನು ತಡೆದರು. ಸಮವಸ್ತ್ರದ ಒಬ್ಬ ಬಗ್ಗಿ ಚರ್ಮವನ್ನು ಮೂಸಿ ನೋಡಿದ. ಆಮೇಲೆ ಒಂದು ನಾಯಿಯನ್ನು ಕರೆತಂದ. ನಾಯಿ ಮೂಸಿತು, ಜಗ್ಗಲಿಗೆಯ ಮುಂದೆ ಬಾಲ ಅಲ್ಲಾಡಿಸುತ್ತ ಕೂತುಬಿಟ್ಟಿತು. ಎಷ್ಟು ಎಳೆದರೂ ಏಳಲಿಲ್ಲ.

"ನೋಡಲೇ," ಎಂದ ಕಾಕಾ, "ಇಷ್ಟ ಮಂದ್ಯಾಗ ಅದಕ್ಕೊಂದಕ್ಕ ಗೊತ್ತಾತು ಇದು ಎಮ್ಮಿ ಅಂತ."

ಅಲ್ಲಿಯ ಜನ ಬಹಳ ಒಳ್ಳೆಯವರು, ಆದರೆ ಸದ್ದು ಮಾಡುವುದಿಲ್ಲ. ಬಸ್ಸಿನಲ್ಲಿ ಐವತ್ತು ಜನ ಕೂತು ಒಬ್ಬರೂ ಒಬ್ಬರನ್ನು "ಯಾವೂರು?" ಎಂದು ಕೇಳದೆ ಇಳಿದುಹೋಗುತ್ತಾರೆ. ಧಾರವಾಡದಿಂದ ಅಣ್ಣಿಗೇರಿ ಮುಟ್ಟುವುದರೊಳಗೆ ಬಾಜೂ ಕೂತವನ ಮಗಳ ಬಾಣಂತನದವರೆಗೆ ಕೇಳಿ ತಿಳಿಯುವ ನಮಗೆ ಇದು ಜ್ವರ ಬಂದಂತಾಯಿತು. ಸೂರ್ಯನೂ ಹಾಗೆಯೇ. ನಾವು ಹೋದದ್ದು ಚಳಿಗಾಲದ ಹೊಸ್ತಿಲಲ್ಲಿ. ನಾಲ್ಕು ಗಂಟೆಗೆ, ಯಾರಿಗೂ ಹೇಳದೆ, ಎದ್ದು ಹೋಗಿಬಿಡುತ್ತಿದ್ದ.

ಮೈದಾನದಲ್ಲಿ ನಮ್ಮ ಮೊದಲ ಬಾರಿಸುವಿಕೆ. ನಾನು ಹಿಂದೆ ನಿಂತು ಕೈ ಆಡಿಸುತ್ತಿದ್ದೆ. ಜಗ್ಗಲಿಗೆ ಮೊದಲು ನಿಧಾನವಾಗಿ ಗುಡುಗುತ್ತದೆ, ಆಮೇಲೆ ಬಡಿಗೆಗಳು ಒಂದರ ಹಿಂದೆ ಒಂದು ಬಿಡುವಿಲ್ಲದೆ ಬೀಳುತ್ತವೆ. ಆ ಜೋರಿನ ಭಾಗ ಬಂದ ಕೂಡಲೇ ಎದುರಿನ ಗುಂಪಿನಲ್ಲಿ ಒಬ್ಬ ಮುದುಕ, ಟೈ ಕಟ್ಟಿಕೊಂಡ ಚೊಕ್ಕ ಮುದುಕ, ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿಬಿಟ್ಟ. ಜಾರಿ ಬಿದ್ದದ್ದಲ್ಲ. ಮೊಳಕೈ ಊರಿ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಕಲಿತವನಂತೆ ಮಲಗಿದ. ಬಾರಿಸುವುದು ನಿಂತ ಮೇಲೆ ಎದ್ದು, ಕೋಟಿನ ಹುಲ್ಲು ಕೊಡವಿಕೊಂಡು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದ.

"ಅಂವಗ ಏನಾತು?" ಎಂದ ಕಾಕಾ.

ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು, ಏಕೆಂದರೆ ಆ ಕ್ಷಣ ನನ್ನ ತಲೆಯಲ್ಲಿ ಮೊದಲು ಬಂದದ್ದು, ಅಂದರೆ ನಿಜವಾದ ಮಷೀನ್ ಗನ್ನಿನ ಸದ್ದು ಹೀಗೆಯೇ ಇರುತ್ತದೆ ಎಂಬ ಖುಷಿ.

ಫೋಟೋ ಕಚೇರಿ, ಮೊದಲ ದಿನ

ಮೇಳಕ್ಕೆ ಮೂರು ದಿನ ಬಿಡುವಿತ್ತು. ಉಳಿದವರು ರಾಣಿಯ ಅರಮನೆ ನೋಡಲು ಹೋದರು. ನಾನು ಆ ಕಚೇರಿಗೆ ಹೋದೆ.

ಒಳಗೆ ಹೋಗಬೇಕಾದರೆ ಕೋಟು, ಚೀಲ, ಪೆನ್ನು ಎಲ್ಲ ಬಿಟ್ಟು ಒಂದು ಪೆನ್ಸಿಲ್ ಮಾತ್ರ ಹಿಡಿದುಕೊಳ್ಳಬೇಕು. ಗುಡಿಯ ಹೊರಗೆ ಚಪ್ಪಲಿ ಬಿಟ್ಟಂತೆ. ಆದರೆ ಗುಡಿಯಲ್ಲಿ ಒಂದು ಗಂಟೆಯಾದರೂ ಬಾರಿಸುತ್ತಾರೆ. ಇಲ್ಲಿ ನಲವತ್ತು ಜನ ಕೂತಿದ್ದರು, ಕಾಗದ ಮಗುಚುವ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ಪತ್ರಗಳಿಗೆ ಉತ್ತರಿಸುತ್ತಿದ್ದವಳು ಮಾರ್ಗರೆಟ್ ಎಂಬ ಐವತ್ತರ ಹೆಂಗಸು. ಎತ್ತರದವಳು, ಬಿಳಿ ಕೂದಲಿನವಳು, ನಮ್ಮ ಕಡೆಯ ಮರ್ಯಾದೆಯಂತೆ ಅವಳನ್ನು ಬಾಯಿ ಎಂದೇ ಕರೆದೆ. ನನ್ನ ಕೈಗೆ ಬಿಳಿ ಹತ್ತಿಯ ಚೀಲದಂಥ ಗ್ಲೌಸು ಕೊಟ್ಟು, ಬಸ್ರಾ ಕಡೆಯ ಮಷೀನ್ ಗನ್ ಫೋಟೋಗಳ ಎಂಟು ಪೆಟ್ಟಿಗೆಗಳನ್ನು ಮೇಜಿನ ಮೇಲೆ ಇಟ್ಟಳು. ಹೇಸರಗತ್ತೆ ನಡೆಸುವವರ ಹೆಸರಿನ ಪಟ್ಟಿ ಅವರಲ್ಲಿಲ್ಲ ಎಂದು ಮತ್ತೊಮ್ಮೆ ಹೇಳಿದಳು. ಫೋಟೋಗಳೇ ಎಲ್ಲ.

ಸತ್ಯ ಹೇಳುತ್ತೇನೆ, ಆ ದಿನವೆಲ್ಲ ನಾನು ಆಯಿಯನ್ನು ಮರೆತುಬಿಟ್ಟೆ. ಎಂಥ ಫೋಟೋಗಳು! ಪತ್ರಿಕೆಯ ಕಾಗದದಲ್ಲಿ ಚುಕ್ಕಿ ಚುಕ್ಕಿಯಾಗಿ ನೋಡಿದ್ದು ಇಲ್ಲಿ ಸ್ಕ್ರೂವಿನ ಗೀರಿನವರೆಗೆ ಕಾಣುತ್ತಿತ್ತು. ಗುಂಡಿನ ಪಟ್ಟಿಯ ಹೊಲಿಗೆ, ನೀರಿನ ಕೊಳವೆಯ ಮೇಲಿನ ಬೆವರು. ಹಿಂಬದಿಯಲ್ಲಿ ಬರಹ. ಬಂದೂಕಿನ ನಮೂನೆ, ನಂಬರು, ಜಾಗ. ಕೊನೆಗೆ "ಮತ್ತು ಸಿಬ್ಬಂದಿ".

ಎರಡು ಗಂಟೆಯ ಮೇಲೆ ನನಗೆ ಏನೋ ಸರಿಹೋಗಲಿಲ್ಲ. ಫೋಟೋ ತೆಗೆಯುವವನ ಕಡೆ ಸಿಪಾಯಿಗಳೆಲ್ಲ ನೋಡುತ್ತಿದ್ದರು, ಅದು ಸರಿ. ಬಂದೂಕನ್ನೂ ಅವನ ಕಡೆಗೇ ತಿರುಗಿಸಿ ಇಟ್ಟಿದ್ದರು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಒಂದು ಕರಿ ತೂತು ನನ್ನ ಕಡೆಯೇ. ಕುರ್ಚಿಯನ್ನು ಸ್ವಲ್ಪ ಬಾಜೂ ಸರಿಸಿ ಕೂತೆ. ಅದೇನು ಮಾಡಿದರೂ ಫೋಟೋದ ತೂತು ನೋಡುವವನ ಕಡೆಗೇ ಇರುತ್ತದೆ.

ಆಗಲೇ ಆ ಯಡವಟ್ಟಾದದ್ದು. ಬಗ್ಗಿ ಬಗ್ಗಿ ನೋಡುವಾಗ ಹಣೆಯ ವಿಭೂತಿ ಉದುರಿ ಒಬ್ಬ ಸಿಪಾಯಿಯ ಮುಖದ ಮೇಲೆ ಬಿತ್ತು. ಮುಖ ಅಳಿಸಿಹೋದಂತೆ ಕಂಡಿತು. ಮಾರ್ಗರೆಟ್ ಬಾಯಿ ಓಡಿಬಂದು ಮೆತ್ತಗಿನ ಕುಂಚದಿಂದ ಒಂದೊಂದು ಕಣವನ್ನೂ ಗುಡಿಸಿದಳು. ಬೈಯಲಿಲ್ಲ. ಹಣೆ ಒರೆಸಿಕೊಳ್ಳಬಹುದೇ ಎಂದು ಮೂರು ಸಲ ಕ್ಷಮೆ ಕೇಳಿ ಕೇಳಿದಳು. ಒರೆಸಿಕೊಂಡೆ. ನನಗೆ ತಿಳಿವಳಿಕೆ ಬಂದ ಮೇಲೆ ಬರಿ ಹಣೆಯಲ್ಲಿ ಜನರ ನಡುವೆ ಕೂತದ್ದು ಅದೇ ಮೊದಲು.

ಸಂಜೆಯ ಹೊತ್ತಿಗೆ ಒಂದು ಬಂದೂಕು ನನ್ನ ಗೆಳೆಯನಾಗಿತ್ತು. ನಮ್ಮ ಕಡೆ ಎತ್ತನ್ನು ಸುಳಿ ನೋಡಿ ಗುರುತಿಸುತ್ತಾರೆ, ಹಣೆಯ ಮೇಲೋ ಬೆನ್ನಿನ ಮೇಲೋ ಕೂದಲು ತಿರುಗಿದ ಗುರುತು. ನೂರು ಬಿಳಿ ಎತ್ತುಗಳ ನಡುವೆ ತನ್ನದನ್ನು ಹುಡುಕಲು ಅಷ್ಟು ಸಾಕು. ಈ ಬಂದೂಕಿನ ನೀರಿನ ಕೊಳವೆಯ ಮೇಲೆ, ಮೂತಿಯ ಹತ್ತಿರ, ಉಗುರಿನಿಂದ ಒತ್ತಿದಂಥ ಒಂದು ತಗ್ಗು, ಅದರ ಬಾಜೂ ಎರಡು ರಿವೆಟ್ಟಿನ ತೇಪೆ. ಅದೇ ತಗ್ಗು ಬೇರೆ ಬೇರೆ ಪೆಟ್ಟಿಗೆಗಳ ಎರಡು ಫೋಟೋಗಳಲ್ಲಿ ಸಿಕ್ಕಿತು. ಒಂದರಲ್ಲಿ ಮರಳಿನ ಮೇಲೆ, ಇನ್ನೊಂದರಲ್ಲಿ ಹೇಸರಗತ್ತೆಯ ಬೆನ್ನ ಮೇಲೆ. ಎರಡೂ ನಂಬರು ಬರೆದುಕೊಂಡು ಹೊರಗೆ ಬಂದಾಗ ಬೀದಿದೀಪ ಹತ್ತಿತ್ತು, ನಾಲ್ಕೂಕಾಲು.

ಎರಡನೆಯ ದಿನ, ಕಾಕಾನ ಜೊತೆ

ಅರಮನೆಯಲ್ಲಿ ರಾಣಿ ಕಾಣಲಿಲ್ಲವೆಂದು ಬೇಸರಗೊಂಡಿದ್ದ ಕಾಕಾ ನನ್ನ ಬೆನ್ನು ಹತ್ತಿದ. ಒಳಗೆ ಬಿಡಲು ಸಹಿ ಬೇಕು. ಕಾಕಾ ನಾಲಿಗೆ ಕಚ್ಚಿಕೊಂಡು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಐದು ನಿಮಿಷ ತೆಗೆದುಕೊಂಡ. ಗುಮಾಸ್ತ ಸುಮ್ಮನೆ ಕಾದ. ನಮ್ಮ ಕಚೇರಿಯಾಗಿದ್ದರೆ ಅಷ್ಟರಲ್ಲಿ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿರುತ್ತಿದ್ದರು.

ಒಳಗೆ ಕಾಲಿಟ್ಟ ಕಾಕಾ ಒಂದು ಸುತ್ತು ನೋಡಿ, ಹೊಲದಲ್ಲಿ ಕೂಗುವ ದನಿಯಲ್ಲಿ ಕೇಳಿದ, "ಇಲ್ಲಿ ಯಾರರ ಸತ್ತಾರೇನಲೇ?"

ನಲವತ್ತು ತಲೆಗಳು ತಿರುಗಿದವು. ನಾನು ಅವನನ್ನು ಎಳೆದು ಕೂರಿಸಿ, ಬಾಯಿ ಮುಚ್ಚಿಸಲು ಹೇಸರಗತ್ತೆಯ ಫೋಟೋ ಮುಂದಿಟ್ಟೆ. ನನ್ನ ಪಾಂಡಿತ್ಯ ಶುರುವಾಯಿತು. ಇದು ತಗ್ಗು, ಇದು ತೇಪೆ, ಇದು ನೀರು ತುಂಬುವ ಬಾಯಿ. ಕಾಕಾ ಬಂದೂಕನ್ನು ನೋಡಲೇ ಇಲ್ಲ. ಅವನ ಬೆರಳು ಹೇಸರಗತ್ತೆಯ ಮೂಗಿನ ಹತ್ತಿರ ಹೋಯಿತು.

"ಈ ಹಗ್ಗ ನೋಡು."

"ಏನೈತಿ?"

"ಜಗ್ಗೇತಿ. ಸೆಟದು ನಿಂತೈತಿ. ಹಗ್ಗ ತಾನಾ ಸೆಟೀತೇನೋ? ಹಿಡದಾಂವ ಎಲ್ಲಿ ಅದಾನ?"

ನೋಡಿದೆ. ಹೇಸರಗತ್ತೆಯ ಬಾಯಿಯಿಂದ ಹಗ್ಗ ಬಿಗಿಯಾಗಿ ಎಡಕ್ಕೆ ಹೋಗಿ, ಬೆಳ್ಳನೆಯ ಮರಳಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿ, ಏನೂ ಇಲ್ಲದ ಕಡೆ ಮುಗಿಯುತ್ತಿತ್ತು. ನಿನ್ನೆ ಒಂದು ಗಂಟೆ ಇದೇ ಫೋಟೋ ನೋಡಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಅಗದಿ ತುದಿ ನೋಡಲೇ," ಎಂದ ಕಾಕಾ. ಈಗ ಅವನ ದನಿ ತಾನಾಗಿಯೇ ಇಳಿದಿತ್ತು. "ಬಳ್ಳು."

ಹಗ್ಗದ ಕೊನೆಯಲ್ಲಿ ಮೂರು ಬೆರಳುಗಳಿದ್ದವು. ಮೂರೇ. ಮುಂಗೈ ಇಲ್ಲ, ತೋಳಿಲ್ಲ, ಮನುಷ್ಯನಿಲ್ಲ. ಗಾಳಿಯಲ್ಲಿ ಮೂರು ಬೆರಳು ಹಗ್ಗ ಹಿಡಿದು ನಿಂತಿದ್ದವು.

ಮಾರ್ಗರೆಟ್ ಬಾಯಿಯನ್ನು ಕರೆದೆ. ಅವಳು ಒಂದು ದೀಪವನ್ನು ಮೇಜಿನ ಮಟ್ಟಕ್ಕೆ ತಂದು, ಫೋಟೋವನ್ನು ಅಡ್ಡ ಹಿಡಿದು ಓರೆ ಬೆಳಕಿನಲ್ಲಿ ತೋರಿಸಿದಳು. ಮರಳು ಎಂದು ನಾವು ತಿಳಿದದ್ದು ಮರಳಲ್ಲ. ಬಣ್ಣ. ಫೋಟೋದ ಮೇಲೆ ಬಿಳಿ ಬಣ್ಣ ಬಳಿದಿದ್ದರು, ಕುಂಚದ ಗೆರೆಗಳು ಉಬ್ಬಿ ಕಾಣುತ್ತಿದ್ದವು. ಆ ಗೆರೆಗಳು ಒಂದು ಆಕಾರದಲ್ಲಿದ್ದವು. ತಲೆಯ ಮೇಲೆ ರುಮಾಲು, ಹೆಗಲು, ಸ್ವಲ್ಪ ಮುಂದೆ ಬಾಗಿದ ಮೈ. ಹೇಸರಗತ್ತೆಯ ಕಿವಿಗೆ ಏನೋ ಹೇಳುವವನ ಹಾಗೆ.

ಅವಳು ವಿವರಿಸಿದಳು. ಆಗಿನ ಕಾಲದಲ್ಲಿ ಪತ್ರಿಕೆಯಲ್ಲಿ ಅಚ್ಚು ಹಾಕುವಾಗ ಬಂದೂಕಿನ ಆಕಾರ ಚೆನ್ನಾಗಿ ಕಾಣಲೆಂದು ಅಡ್ಡ ಬಂದವರನ್ನು ಬಣ್ಣದಿಂದ ಮುಚ್ಚುತ್ತಿದ್ದರಂತೆ. ಬೆರಳು ಮರೆತಿದ್ದಾರೆ. ಹೇಸರಗತ್ತೆಯನ್ನು ಬಿಟ್ಟಿದ್ದಾರೆ, ಬಂದೂಕು ಕೂರಲು ಏನಾದರೂ ಬೇಕಲ್ಲ.

"ಬಣ್ಣ ಕೆರೀರಿ ಅಂತ ಹೇಳು ಅಕಿಗೆ," ಎಂದ ಕಾಕಾ. "ಒಳಗ ಅದಾನಲ್ಲ ಮನುಷ್ಯಾ."

ಕೇಳಿದೆ. ಮಾರ್ಗರೆಟ್ ಬಾಯಿ ತಲೆ ಅಲ್ಲಾಡಿಸಿದಳು. ಬಣ್ಣವೂ ಈಗ ದಾಖಲೆ, ಅದನ್ನೂ ಕಾಯಬೇಕು ಎಂದಳು. ಈ ಫೋಟೋದ ಮೂಲ, ಗಾಜಿನ ನೆಗೆಟಿವ್, ಎಂದೋ ಒಡೆದುಹೋಗಿದೆಯಂತೆ.

ಕಾಕಾನಿಗೆ ಹೇಳಿದೆ. "ಹಂಗಾದ್ರ ಇವರು ಅವನ್ನ ಮುಚ್ಚಿದ್ದನ್ನ ಕಾಯಾಕತ್ತಾರ," ಎಂದ.

ಮಧ್ಯಾಹ್ನದ ಮೇಲೆ ನಾನು ಬಾಕಿ ಉಳಿದ ಪೆಟ್ಟಿಗೆಗಳಲ್ಲಿ ಆ ತಗ್ಗನ್ನು ಹುಡುಕಿದೆ. ಈ ಸಲ ಖುಷಿಗಲ್ಲ. ಏಳನೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅದೇ ಬಂದೂಕು, ಮರಳಿನ ಚೀಲಗಳ ಹಿಂದೆ. ಸಿಪಾಯಿಗಳು ಬೇರೆ. ಕೊಳವೆಯ ಮೂತಿಯಿಂದ ಏನೋ ತೂಗುಬಿದ್ದಿತ್ತು. ಹಿಂಬದಿಯ ಬರಹದಲ್ಲಿ "ಅದೃಷ್ಟದ ತಾಯಿತ" ಎಂದಿತ್ತು. ಭೂತಗನ್ನಡಿ ಹಿಡಿದೆ. ಮೊಟ್ಟೆಯಾಕಾರದ್ದು, ದಾರದಲ್ಲಿ. ಕೆಳಗಿನ ಅರ್ಧ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೇಲಿನ ಅರ್ಧ ಕಪ್ಪು.

ಕಾಕಾ ಭೂತಗನ್ನಡಿ ಇಸಿದುಕೊಂಡು ನೋಡಿದ. ಅವನೂ ಲಿಂಗವಂತ, ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದವನಾದ್ದರಿಂದ ಫಕೀರಪ್ಪ. ಅವನ ಕೈ ತಾನಾಗಿಯೇ ಅಂಗಿಯ ಒಳಗೆ ಹೋಗಿ ತನ್ನ ಕರಡಿಗೆಯನ್ನು ಮುಟ್ಟಿ ನೋಡಿತು.

ಮೂರನೆಯ ದಿನ, ನಗುವ ಚಿತ್ರ

ಕರಡಿಗೆ ಬಂದೂಕಿನ ಕೊರಳಲ್ಲಿ ಹೇಗೆ ಬಂತು? ಕಳವಾಗಿರಬಹುದು. ದಾರ ಹರಿದು ಬಿದ್ದು ಯಾರಿಗೋ ಸಿಕ್ಕಿರಬಹುದು. ಉಪಾಹಾರಕ್ಕೆ ಕೂತಾಗ ನಾನು ಹೀಗೆ ಒಂದೊಂದೇ ಹೇಳುತ್ತಿದ್ದೆ, ಕಾಕಾ ಕಡಕ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

ನಾವು ಹೋಗುವ ಹೊತ್ತಿಗೆ ಮಾರ್ಗರೆಟ್ ಬಾಯಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಒಂದು ತೆಳ್ಳನೆಯ ಕಡತ. ಮುಖ ಸಪ್ಪಗಿತ್ತು. ಆ ಬಂದೂಕು ಇದ್ದ ಪಲ್ಟನಿನ ಅಧಿಕಾರಿಗಳು ಬೇಸರ ಕಳೆಯಲು ತಾವೇ ಕೈಯಿಂದ ಬರೆದು, ಚಿತ್ರ ಹಾಕಿ, ಒಂದು ಹಾಸ್ಯದ ಪತ್ರಿಕೆ ನಡೆಸುತ್ತಿದ್ದರಂತೆ. ಬಂದೂಕಿನ ನಂಬರು ಹಿಡಿದು ಅವಳು ತಾನೇ ಹುಡುಕಿದ್ದಳು. ತೋರಿಸಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿದೆ ಎಂದಳು.

ಒಂದು ವ್ಯಂಗ್ಯಚಿತ್ರ. ಬಂದೂಕನ್ನು ದಪ್ಪನೆಯ ವಿಲಾಯತಿ ಮಡಮ್ಮನಂತೆ ಬರೆದಿದ್ದರು. ಮೂರು ಕಾಲಿಗೆ ಲಂಗ, ನೀರಿನ ಕೊಳವೆಯೇ ಮುಖ, ಗುಂಡಿನ ಪಟ್ಟಿಯೇ ಹಲ್ಲು. ಬಾಯಿ ಅಗಲಿಸಿ ನಗುತ್ತಿತ್ತು. ಮುಖದ ಮೇಲೆ ತಗ್ಗು, ಬಾಜೂ ಎರಡು ರಿವೆಟ್ಟು, ಅದನ್ನೂ ಬಿಟ್ಟಿರಲಿಲ್ಲ. ಕೊರಳಲ್ಲಿ ಮೊಟ್ಟೆಯಾಕಾರದ ಒಡವೆ. ಅದರ ಮುಂದೆ ಒಂದು ಹೇಸರಗತ್ತೆ ಕಿವಿ ಇಳಿಬಿಟ್ಟುಕೊಂಡು ನಿಂತಿತ್ತು, ಹಗ್ಗ ನೆಲದ ಮೇಲೆ ಬಿದ್ದಿತ್ತು. ಕೆಳಗಿನ ಬರಹವನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. ಹೇಸರಗತ್ತೆ ಕೇಳುತ್ತದೆ, ನನ್ನ ಯಜಮಾನ ಎಲ್ಲಿ? ಬಂದೂಕು ಹೇಳುತ್ತದೆ, ಪಾಪ, ನದಿಯ ದಂಡೆಯಲ್ಲಿ ತೀರಿಕೊಂಡ, ಸಾಯುವಾಗ ಈ ಒಡವೆಯನ್ನು ನನಗೇ ಕೊಟ್ಟ.

ಎಪ್ಪತ್ತು ವರ್ಷ ಒಬ್ಬಳು ಕಾದ ಸುದ್ದಿ ಅಲ್ಲಿತ್ತು, ಯಾರನ್ನೋ ನಗಿಸಲು ಬರೆದದ್ದು. ಬೇರೆ ಯಾವ ಕಾಗದದಲ್ಲೂ ಇಲ್ಲ.

ನನ್ನ ಪೆಟ್ಟಿಗೆಯಲ್ಲಿಯೂ ಇಂಥ ಚಿತ್ರಗಳಿವೆ. ನಗುವ ಬಂದೂಕುಗಳು. ಕತ್ತರಿಸುವಾಗ ನಾನೂ ನಕ್ಕಿದ್ದೇನೆ.

ಮಾರ್ಗರೆಟ್ ಬಾಯಿ ಕರಡಿಗೆಯ ಫೋಟೋದ ಮತ್ತು ಆ ಚಿತ್ರದ ಝೆರಾಕ್ಸ್ ಮಾಡಿಸಿ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟಳು. ಬೀಳ್ಕೊಡುವಾಗ ಆ ದೇಶದವರು ಮಾಡದ ಒಂದು ಕೆಲಸ ಮಾಡಿದಳು. ನನ್ನ ಮುಂಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ವಿಮಾನದಲ್ಲಿ ಕಾಕಾ ಸೊಂಟದ ಪಟ್ಟಿ ಬಿಗಿದುಕೊಂಡು, ಕಣ್ಣು ಮುಚ್ಚಿಯೇ ಮಾತಾಡಿದ.

"ಹೇಳಬ್ಯಾಡಲೇ. ಇನ್ನ ಎಷ್ಟ ದಿನ ಇರತಾಳ ಮುದುಕಿ? ಹಸರ ಬಳಿ ಹಾಕ್ಕೊಂಡ ಹೋಗ್ಲಿ ಬಿಡು. ಯಾರ ಗಂಟ ಹೋಗತೈತಿ?"

"ಕೇಳ್ಕೊಂಡ ಬಾ ಅಂದಾಕಿ ಅಕೀನ, ಕಾಕಾ."

"ಕೇಳಾಕ ನೂರು ಕೇಳ್ತಾರ. ಹೇಳೂದ ಬ್ಯಾರೆ."

ತಿರ್ಲಾಪುರ, ಬಂದ ಮೇಲೆ

ಆಯಿ ಕಟ್ಟೆಯ ಮೇಲೆ ಹತ್ತಿಯ ಕಾಯಿ ಬಿಡಿಸುತ್ತ ಕೂತಿದ್ದಳು. ಹೇಗಿತ್ತು ಊರು, ಏನು ಉಂಡೆ, ಚಳಿ ಇತ್ತೇ ಎಂದು ಏನೂ ಕೇಳಲಿಲ್ಲ. ನನ್ನ ಮುಖ ನೋಡಿದಳು.

"ಸಿಗಲಿಲ್ಲ ಆಯಿ," ಎಂದೆ. "ಭಾಳ ಹುಡುಕಿದ್ವಿ."

ಅವಳ ಕೈ ನಿಂತಿತು. "ಹಂಗಾದ್ರ ಯಾಕ ನನ್ನ ಬಳಿ ನೋಡಾಕತ್ತಿ?"

ನನಗೆ ಗೊತ್ತೇ ಇರಲಿಲ್ಲ. ಬಂದಾಗಿನಿಂದ ಅವಳ ಕೈಯನ್ನೇ ನೋಡುತ್ತಿದ್ದೆ.

ಲಕೋಟೆ ತೆಗೆದೆ. ಕರಡಿಗೆಯ ಫೋಟೋ ಮಾತ್ರ ಕೊಟ್ಟೆ. ಆಯಿ ಅದನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹತ್ತಿಯ ನಾರು ಅಂಟಿದ ಬೆರಳಿನಿಂದ ತೂಗುಬಿದ್ದ ಮೊಟ್ಟೆಯನ್ನು ಸವರಿದಳು.

"ಮುಚ್ಚಳ ಕರ್ರಗೈತಿ," ಎಂದಳು. ಆಮೇಲೆ, "ಕಬ್ಬಣದ ಕೊಳ್ಳಾಗ ಲಿಂಗ ಐತಿ ಅಂದ್ರ ಅಂವ ಸತ್ತಾ ಅಂತ ಹೆಂಗ ಅಂತಿ? ಕಸ್ಕೊಂಡಿದ್ರೂ ಕಸ್ಕೊಂಡಿರಬೇಕು. ಮತ್ತೇನರ ಐತೇನು? ಐತಿ. ನಿನ್ನ ಮಾರಿ ಹೇಳತೈತಿ. ತಾ ಇಲ್ಲೆ."

ಎರಡನೆಯದನ್ನೂ ಕೊಡಬೇಕಾಯಿತು. ಕೆಳಗಿನ ಬರಹವನ್ನು ಓದಿ ಹೇಳಿದೆ, ಒಂದು ಮಾತೂ ಬಿಡದೆ. ನದಿಯ ದಂಡೆ ಎಂದದ್ದನ್ನು ಎರಡು ಸಲ ಹೇಳಿಸಿದಳು. ಅಳಲಿಲ್ಲ. ಚಿತ್ರವನ್ನು ಮತ್ತೆ ಮತ್ತೆ ನೋಡಿದಳು.

"ಇದು ಯಾಕೋ ನಗಾಕತ್ತೈತಿ?"

ಮಷೀನ್ ಗನ್ನಿನ ವಿಷಯದಲ್ಲಿ ಊರಿಗೆಲ್ಲ ಪಂಡಿತ ನಾನು.

ಮರುದಿನ ಬೆಳಿಗ್ಗೆ ಆಯಿ ಮಠದ ಅಯ್ಯನವರನ್ನು ಕರೆಸಿದಳು. ಗಂಡನಿಗೆ ಮಣ್ಣು ಕೊಡಬೇಕು ಎಂದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ವಿಭೂತಿ ಮತ್ತು ಪತ್ರಿ ಹಾಕಿ ಮಣ್ಣು ಮುಚ್ಚುತ್ತಾರೆ. ಅಯ್ಯನವರು ಗದ್ದ ತುರಿಸಿಕೊಂಡರು.

"ಹೆಣ ಇಲ್ಲವಾ. ಏನ ಇಡೂದು?"

"ಲಿಂಗ ಸಿಕ್ಕೈತ್ರಿ," ಎಂದು ಆಯಿ ಕಾಗದ ಮುಂದೆ ಹಿಡಿದಳು.

ಅಯ್ಯನವರು ಕಾಗದ ನೋಡಿ, ಆಯಿಯ ಮುಖ ನೋಡಿ, ಇಲ್ಲವೆನ್ನಲಿಲ್ಲ. ಕಾಕಾ ಗುದ್ದಲಿ ತಂದ. ನಮ್ಮ ಹೊಲದ ಬದುವಿನಲ್ಲಿ, ಒಬ್ಬ ಮನುಷ್ಯ ಕೂರುವಷ್ಟು ಆಳಕ್ಕೆ, ಎರೆಮಣ್ಣನ್ನು ನಾವಿಬ್ಬರೂ ತೋಡಿದೆವು. ಆಯಿ ದಂಡೆಯ ಮೇಲೆ ಕೂತು ಬಳೆ ತೆಗೆಯತೊಡಗಿದಳು. ಗೆಣ್ಣು ಬಾತು ಅವು ಹೊರಗೆ ಬರುತ್ತಿರಲಿಲ್ಲ. ನಮ್ಮವ್ವ ಅಳುತ್ತ ಕಲ್ಲು ತರಲು ಎದ್ದಳು.

"ಒಡೀಬ್ಯಾಡ," ಎಂದಳು ಆಯಿ. "ಸಾಬಾಣ ತಾ."

ಸಾಬೂನಿನ ನೀರು ಹಚ್ಚಿ, ಒಂದೊಂದನ್ನೇ ಜಾರಿಸಿ, ಎಲ್ಲವನ್ನೂ ಇಡಿಯಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಗುಣಿಗೆ ಇಳಿದು ತಳದಲ್ಲಿ ಇಟ್ಟೆ. ಆಮೇಲೆ ಕಾಗದ. ನನ್ನ ಜೇಬಿನಲ್ಲಿ ಕತ್ತರಿ ಇತ್ತು. ಕರಡಿಗೆಯ ಸುತ್ತ ದುಂಡಗೆ ಕತ್ತರಿಸಿ ಅದಷ್ಟನ್ನೇ ಇಡಬೇಕು, ಬಂದೂಕಿನ ಭಾಗವನ್ನೂ ಆ ನಗುವ ಚಿತ್ರವನ್ನೂ ಹೊರಗೆ ಸುಟ್ಟುಬಿಡಬೇಕು ಎಂದುಕೊಂಡಿದ್ದೆ. ಕತ್ತರಿ ತೆಗೆದದ್ದನ್ನು ಆಯಿ ಮೇಲಿನಿಂದ ನೋಡಿದಳು.

"ಏನ ಮಾಡಾಕತ್ತೀಯೋ?"

"ಮಷೀನು ಕತ್ತರಿಸಿ ತಗೀತೀನಿ ಆಯಿ. ಅದ್ಯಾಕ ಅಜ್ಜನ ಜೋಡಿ."

"ಬ್ಯಾಡ. ಅದನ್ನೂ ಇಡು. ನಗೂದನ್ನೂ ಇಡು. ಇವನ್ನೊಬ್ಬನ್ನ ಮುಚ್ಚಿ ಅದನ್ನ ಹೊರಗ ಬಿಟ್ರ, ಅದು ಮತ್ತ ಯಾರ ಮನೀಗಿ ಹೋಗತೈತೋ ಏನೋ."

ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಎರಡೂ ಕಾಗದ ಇಟ್ಟೆ. ಅಯ್ಯನವರು ವಿಭೂತಿ ಹಾಕಿದರು. ಮೊದಲ ಹಿಡಿ ಮಣ್ಣನ್ನು ಆಯಿಯೇ, ಸಾಬೂನು ಇನ್ನೂ ಆರದ ಬರಿಗೈಯಿಂದ, ಕೆಳಗೆ ಬಿಟ್ಟಳು.